ಮಡಿಕೇರಿಯ ಶನಿವಾರದ ಭಾಷಣ ಕ್ಲಬ್: ಕಾಫಿ ಸುಮಾರು, ಟೈಮರ್ ಖಡಕ್

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅಂತ ಕೆಳಗೆ ಉದ್ದಕ್ಕೆ ಬರ್ದಿದೀನಿ, ಅಷ್ಟು ಓದೋ ತಾಳ್ಮೆ ಇಲ್ದೋರು ಇಷ್ಟು ತಿಳ್ಕೊಂಡ್ರೆ ಸಾಕು: ಮಡಿಕೇರೀಲಿ ತಿಂಗಳಿಗೆ ಎರಡು ಶನಿವಾರ ಸಂಜೆ ನಡೆಯೋ ಈ ಕ್ಲಬ್ಬಿಗೆ ಮಾತು ತಿದ್ದಿಸ್ಕೊಳ್ಳೋಕೆ ಹೋಗೋದಾದ್ರೆ ಹೋಗಿ, ಹೊಗಳಿಸ್ಕೊಳ್ಳೋಕೆ ಆದ್ರೆ ಮನೇಲೇ ಇರಿ, ಅದಕ್ಕೆ ಮದುವೆ ಮನೆಗಳಿವೆ. ಕ್ಲಬ್ಬಿನ ಹೆಸರು, ಜನರ ಹೆಸರು ಹಾಕ್ತಿಲ್ಲ. ಇದ್ರಲ್ಲಿ ಬೈದಿರೋದೂ ಇದೆ, ನಮ್ಮ ಜಿಲ್ಲೆ ಎಷ್ಟು ಚಿಕ್ಕದು ಅಂತ ನಿಮಗೂ ಗೊತ್ತು. ಬೇಕಾದೋರು ಪೇಟೇಲಿ ನಾಲ್ಕು ಜನರನ್ನ ಕೇಳಿದ್ರೆ ಐದನೇಯವರು ಆ ಕ್ಲಬ್ಬಿನ ಮೆಂಬರ್ ಆಗಿರ್ತಾರೆ.

ನಾನು ಚೇರಂಬಾಣೆ ಕಡೆಯವನು. ಮನೇಲಿ ಮಾತಾಡೋದು ಅರೆಭಾಷೆ ಅನ್ನೋ ನಮ್ಮ ಕಡೆಯ ಕನ್ನಡ, ಸ್ವಲ್ಪ ಕಾಫಿ, ಅದರ ಮಧ್ಯ ಕರಿಮೆಣಸು, ಊರಿನ ಸಹಕಾರ ಸಂಘದಲ್ಲಿ ಒಂದು ಡೈರೆಕ್ಟರ್ ಸೀಟು. ಸಂಘದ ಮಹಾಸಭೇಲಿ ಎದ್ದು ನಿಂತು ಸಾಲದ ಲೆಕ್ಕ ಹೇಳ್ಬೇಕಾಗತ್ತೆ, ಗ್ರಾಮಸಭೇಲಿ ಆನೆ ಕಂದಕದ ವಿಷಯ ಎತ್ಬೇಕಾಗತ್ತೆ, ಅದಕ್ಕೇ ಸೇರಿದ್ದು. ಇಂಗ್ಲಿಷ್ ಕಲಿಯೋಕೆ ಅಲ್ಲ, ಇಂಟರ್ವ್ಯೂಗೂ ಅಲ್ಲ. ಹಾಗಾಗಿ ಈ ರಿವ್ಯೂ ನನ್ನಂಥವರ ಕಣ್ಣಿಂದ ಬರ್ದಿದ್ದು, ಕಾಲೇಜು ಮಕ್ಕಳಿಗೆ ಬೇರೆ ಥರ ಕಾಣಬಹುದು.

ಇಲ್ಲಿ ಮೀಟಿಂಗ್ ನಡೆಸೋ ಪದ್ಧತಿ ನಮ್ಮ ಕ್ಲಬ್ಬಿನೋರು ಕಂಡುಹಿಡಿದಿದ್ದೇನಲ್ಲ, ಅಮೆರಿಕದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯವರದ್ದು. ರಾಲ್ಫ್ ಸ್ಮೆಡ್ಲಿ ಅಂತ ಒಬ್ಬರು ವೈಎಂಸಿಎ ಅನ್ನೋ ಕ್ರೈಸ್ತ ಯುವಕರ ಸಂಸ್ಥೆಯಲ್ಲಿ ಕೆಲಸಕ್ಕಿದ್ರು, ಅಲ್ಲಿಗೆ ಬರೋ ಹುಡುಗರಿಗೆ ನಾಲ್ಕು ಜನರ ಎದುರು ಮಾತಾಡೋಕೂ ಬರಲ್ಲ ಒಂದು ಮೀಟಿಂಗ್ ನೆಟ್ಟಗೆ ನಡೆಸೋಕೂ ಬರಲ್ಲ ಅಂತ ನೋಡಿ ಇದನ್ನ ಶುರು ಮಾಡಿದ್ರು, ಮೊದಲು ಇಲಿನಾಯ್ ಕಡೆ ಪ್ರಯತ್ನ ಮಾಡಿ ಕೊನೆಗೆ 1924ರ ಅಕ್ಟೋಬರ್ 22ಕ್ಕೆ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ವೈಎಂಸಿಎ ಕಟ್ಟಡದಲ್ಲೇ ನಡೆಸಿದ ಮೀಟಿಂಗನ್ನ ಸಂಸ್ಥೆಯ ಹುಟ್ಟು ಅಂತ ಲೆಕ್ಕ ಹಾಕ್ತಾರೆ. ಹೆಂಗಸರಿಗೆ ಬಾಗಿಲು ತೆಗೆಯೋಕೆ ಅವರಿಗೆ 1973ರ ತನಕ ಬೇಕಾಯ್ತು ಅನ್ನೋದನ್ನೂ ಹೇಳ್ಬೇಕು. ಈಗ ನೂರು ವರ್ಷ ದಾಟಿದೆ, ಪ್ರಪಂಚದ ಎಲ್ಲಾ ಕಡೆ ಕ್ಲಬ್ ಇದೆ, ಮೀಟಿಂಗ್ ನಡೆಯೋ ಕ್ರಮ ಮಾತ್ರ ಹೆಚ್ಚುಕಮ್ಮಿ ಅದೇ.

ನಾನು ಬರೀತಿರೋ ಕ್ಲಬ್ ಆ ಸಂಸ್ಥೆಗೆ ಸೇರಿದ್ದಲ್ಲ, ಇದನ್ನ ಸ್ಪಷ್ಟ ಮಾಡ್ಬೇಕು, ಆಮೇಲೆ ಯಾರೂ ಸರ್ಟಿಫಿಕೇಟ್ ಕೇಳ್ಬಾರ್ದು. ಅವರ ಕ್ರಮ ತಗೊಂಡು ನಮ್ಮವರೇ ನಡೆಸ್ತಿರೋದು. ಅಧಿಕೃತವಾಗಿ ಹೊಸ ಕ್ಲಬ್ ಶುರು ಮಾಡ್ಬೇಕಂದ್ರೆ ಕನಿಷ್ಠ 20 ಜನ ಮೆಂಬರ್ ಬೇಕು, ನಾನು ವಿಚಾರಿಸಿದಾಗ ಫೀಸು ಆರು ತಿಂಗಳಿಗೆ 60 ಡಾಲರ್, ಹೊಸಬರಿಗೆ ಒಂದು ಸಲಕ್ಕೆ 20 ಡಾಲರ್ ಬೇರೆ. ಅಂದ್ರೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ದಾಟತ್ತೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದನ್ನ ಎಷ್ಟೋ ಕಡೆ ಕಂಪನಿಯೇ ಕಟ್ಟತ್ತೆ, ಇಲ್ಲಿ ಯಾರು ಕಟ್ತಾರೆ, ತೋಟ ಕಟ್ಟತ್ತಾ? ನಮ್ಮಲ್ಲಿ ರೂಮಿನ ಬಾಡಿಗೆ, ಕಾಫಿ, ಒಂದಷ್ಟು ಜೆರಾಕ್ಸ್, ಎಲ್ಲಾ ಸೇರಿಸಿ ಹಂಚ್ಕೊಳ್ತೀವಿ, ಕೈಗೆ ಭಾರ ಆಗೋ ದುಡ್ಡಲ್ಲ. ಕಾಲೇಜು ಮಕ್ಕಳಿಗೆ ಫ್ರೀ. ಗೆಸ್ಟ್ ಆಗಿ ಬಂದು ಹಿಂದಿನ ಬೆಂಚಲ್ಲಿ ಕೂತು ನೋಡೋದಕ್ಕೆ ಯಾರಿಗೂ ದುಡ್ಡಿಲ್ಲ, ಮಾತಾಡಿ ಅಂತ ಬಲವಂತವೂ ಇಲ್ಲ.

ಇನ್ನು ನಮ್ಮ ಜಿಲ್ಲೆಗೆ ಇದೆಲ್ಲ ಯಾಕೆ ಬೇಕು ಅಂತ ನಮ್ಮ ಭಾವನೇ ಕೇಳಿದ್ರು. ಕೊಡಗಿನೋರಿಗೆ ಮಾತು ಬರಲ್ವಾ, ಇಲ್ಲಿ ನಾಲ್ಕು ಜನ ಸೇರಿದ್ರೆ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲಾ ಒಂದೇ ವಾಕ್ಯದಲ್ಲಿ ಬರತ್ತೆ, 1956ಕ್ಕೆ ಮೊದಲು ನಮ್ಮದು ಬೇರೆ ರಾಜ್ಯ ಆಗಿದ್ದಾಗ 24 ಜನರ ಅಸೆಂಬ್ಲಿ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಆಮೇಲಿನ ಕಾಲಕ್ಕೆ ವಿಧಾನ ಪರಿಷತ್ತಲ್ಲಿ ಎ.ಕೆ. ಸುಬ್ಬಯ್ಯನವರು ಎದ್ದು ನಿಂತ್ರೆ ಸರ್ಕಾರದೋರು ಕಿವಿ ನೆಟ್ಟಗೆ ಮಾಡ್ಕೊಳ್ತಿದ್ರು, ಇಂಥ ಊರಿಗೆ ಭಾಷಣದ ಟ್ಯೂಷನ್ನಾ ಅಂತ. ಭಾವ ಹೇಳೋದು ಸರಿ, ಅಂಗಡಿ ಕಟ್ಟೆ ಮೇಲೆ ನಮ್ಮಷ್ಟು ಮಾತಾಡೋರು ಇಲ್ಲ. ಆದ್ರೆ ಅದೇ ಮನುಷ್ಯನ ಕೈಗೆ ಮೈಕ್ ಕೊಟ್ಟು ನೋಡಿ.

ನಮ್ಮ ಸಭೆಗಳ ಕಥೆ ಎಲ್ಲರಿಗೂ ಗೊತ್ತಿರೋದೇ. ಹತ್ತು ಗಂಟೆ ಅಂದ್ರೆ ಹನ್ನೊಂದಕ್ಕೆ ಪ್ರಾರ್ಥನೆ, ಆಮೇಲೆ ಸ್ವಾಗತ, ಆಮೇಲೆ ಪ್ರಾಸ್ತಾವಿಕ ನುಡಿ, ಅದರ ಮಧ್ಯ ಹಾರ ಶಾಲು ಫೋಟೋ, ಮಾತಾಡೋಕೆ ನಿಂತ ಪ್ರತಿಯೊಬ್ಬರೂ ವೇದಿಕೆ ಮೇಲಿರೋ ಗಣ್ಯರ ಹೆಸರು ಬಿರುದು ಸಮೇತ ಮೊದಲಿಂದ ಹೇಳ್ತಾರೆ, ಒಬ್ಬರ ಹೆಸರು ಬಿಟ್ಟೋದ್ರೆ ಮುಂದಿನ ಎಲೆಕ್ಷನ್ ತನಕ ಮುನಿಸು. ಅದು ಮುಗಿದ ಮೇಲೆ ‘ಸಮಯದ ಅಭಾವದಿಂದ ಎರಡೇ ಮಾತು’ ಅಂತ ಶುರು ಮಾಡಿದೋರು ಅರ್ಧ ಗಂಟೆ ಬಿಡಲ್ಲ. ಊಟದ ಹಾಲಿಂದ ಪಾತ್ರೆ ಸದ್ದು ಕೇಳೋಕೆ ಶುರುವಾದ ಮೇಲೆ ವಂದನಾರ್ಪಣೆ ಮಾಡೋ ಬಡಪಾಯಿಗೆ ಖಾಲಿ ಕುರ್ಚಿ.

ಕ್ಲಬ್ಬಿನ ಮೊದಲ ಲಾಭ ಅಂದ್ರೆ ಇದಕ್ಕೆಲ್ಲ ಕತ್ತರಿ. ಗಣ್ಯರು ಅಂತ ಯಾರೂ ಇಲ್ಲ, ವೇದಿಕೆಯೂ ಇಲ್ಲ, ಒಂದು ಮೇಜು, ಅದರ ಪಕ್ಕ ನಿಲ್ಲೋದು. ಆ ದಿನದ ಮೀಟಿಂಗ್ ನಡೆಸೋರೊಬ್ಬರು, ಅವರು ಮಾತಾಡೋರನ್ನ ಎರಡು ವಾಕ್ಯದಲ್ಲಿ ಪರಿಚಯ ಮಾಡ್ತಾರೆ, ಕೈ ಕುಲುಕಿ ಜಾಗ ಬಿಟ್ಟುಕೊಡ್ತಾರೆ. ಮೊದಲ ಭಾಷಣ ಎಲ್ಲರಿಗೂ ಒಂದೇ, ತಮ್ಮ ಬಗ್ಗೆ ತಾವೇ 4ರಿಂದ 6 ನಿಮಿಷ. ಆಮೇಲಿನವು ಸಾಮಾನ್ಯವಾಗಿ 5ರಿಂದ 7. ಟೈಮರ್ ಅಂದ್ರೆ ಗಡಿಯಾರ ನೋಡೋ ಮೆಂಬರ್, ಐದು ನಿಮಿಷಕ್ಕೆ ಅವರು ಹಸಿರು ಕಾರ್ಡ್ ಎತ್ತುತ್ತಾರೆ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ದೊಡ್ಡ ಕ್ಲಬ್ಬುಗಳಲ್ಲಿ ಲೈಟ್ ಇರತ್ತಂತೆ, ನಮ್ಮಲ್ಲಿ ಡ್ರಾಯಿಂಗ್ ಶೀಟ್ ಕತ್ತರಿಸಿ ಮಾಡಿದ ಕಾರ್ಡು, ಜೂನ್‌ನಲ್ಲಿ ಕರೆಂಟ್ ಹೋದಾಗ ಅದರ ಹಿಂದೆ ಮೊಬೈಲ್ ಟಾರ್ಚ್ ಹಿಡೀತಾರೆ. ಚೆನ್ನಾಗೇ ಕೆಲಸ ಮಾಡತ್ತೆ.

ಏಳು ನಿಮಿಷ ಅಂದ್ರೆ ಕಡಿಮೆ ಆಯ್ತು ಅಂತ ಎಲ್ಲರೂ ಮೊದಲು ಗೊಣಗ್ತಾರೆ. ಬರ್ಕೊಂಡು ಬಂದು ಓದಿ ನೋಡಿದ ಮೇಲೆ ಗೊತ್ತಾಗತ್ತೆ, ಅದು ತುಂಬಾ ಹೊತ್ತು, ಒಂದು ವಿಷಯ ನೆಟ್ಟಗೆ ಹೇಳೋಕೆ ಧಾರಾಳ ಸಾಕು, ಎರಡು ವಿಷಯ ತುರುಕಿದ್ರೆ ಎರಡೂ ಕೆಡತ್ತೆ. ಈ ಸಲದ ಮಹಾಸಭೇಲಿ ನಾನು ಸಾಲ ವಸೂಲಿ ವರದಿಯನ್ನ ಹಸಿರು ಕಾರ್ಡಿಗೆ ಮುಗಿಸಿದೆ, ಕಾರ್ಡ್ ಎತ್ತೋರು ಯಾರೂ ಇರ್ಲಿಲ್ಲ, ಆದ್ರೂ ತಲೆ ಒಳಗೆ ಎತ್ತಿಯಾಗಿತ್ತು. ಜನ ಅದಕ್ಕೆ ಚಪ್ಪಾಳೆ ಹೊಡೆದ್ರು ಅಂತಲ್ಲ, ಆದ್ರೆ ಆಮೇಲೆ ಪ್ರಶ್ನೆ ಕೇಳಿದ್ರು. ಬೇರೆ ವರ್ಷ ಪ್ರಶ್ನೆ ಕೇಳೋಕೆ ಯಾರಿಗೂ ಎಚ್ಚರ ಇರ್ತಿರ್ಲಿಲ್ಲ.

ಟೇಬಲ್ ಟಾಪಿಕ್ಸ್ ಅಂತ ಒಂದು ಭಾಗ ಇದೆ, ಹೊಸಬರು ಹೆದರೋದು ಇದಕ್ಕೇ, ನನಗೆ ಅತೀ ಇಷ್ಟ ಆಗಿರೋದೂ ಇದೇ. ಒಬ್ಬರು ಪ್ರಶ್ನೆ ಕೇಳಿ ಆಮೇಲೆ ಹೆಸರು ಕರೀತಾರೆ, ಕರೆದ ತಕ್ಷಣ ಎದ್ದು ಹೋಗಿ ಒಂದರಿಂದ ಎರಡು ನಿಮಿಷ ಮಾತಾಡ್ಬೇಕು. ತಯಾರಿ ಇಲ್ಲ ಚೀಟಿ ಇಲ್ಲ. ನಮ್ಮಲ್ಲಿ ಬಂದ ಪ್ರಶ್ನೆಗಳು ಕೆಲವು ಹೇಳ್ತೀನಿ: ನಿಮ್ಮ ತೋಟಕ್ಕೆ ಬಂದ ಆನೆ ಹೋಗ್ತಾ ಒಂದು ದೂರಿನ ಪತ್ರ ಬರ್ದಿಟ್ಟು ಹೋಗಿದೆ, ಅದ್ರಲ್ಲಿ ಏನಿರತ್ತೆ? ರಾಜಾಸೀಟಿಗೆ ಬಂದ ಟೂರಿಸ್ಟ್ ಮಂಜು ಮುಸುಕಿ ಏನೂ ಕಾಣ್ತಿಲ್ಲ ದುಡ್ಡು ವಾಪಸ್ ಕೊಡಿ ಅಂತಾನೆ, ಸಮಾಧಾನ ಮಾಡಿ. ದಸರಾ ರಾತ್ರಿ ಪುರಾಣದ ಕಥೆ ತೋರಿಸ್ತಾ ಮೆರವಣಿಗೆ ಹೊರಡೋ ದಶಮಂಟಪಗಳಲ್ಲಿ ಹನ್ನೊಂದನೇದು ನಿಮ್ಮದು, ಕಥೆ ಯಾವುದು?

ಆನೆ ಪತ್ರದ ಪ್ರಶ್ನೆ ಸಿಕ್ಕಿದ್ದು ಮಹದೇವಪೇಟೇಲಿ ಅಂಗಡಿ ಇಟ್ಟಿರೋ ಒಬ್ಬರಿಗೆ, ಅವರು ಅಲ್ಲಿಯವರೆಗೂ ಮೀಟಿಂಗಲ್ಲಿ ‘ನಮಸ್ಕಾರ’ ಬಿಟ್ಟು ಬಾಯಿ ಬಿಟ್ಟವರಲ್ಲ. ಎದ್ದು ಹೋಗಿ ನಿಂತ್ರು, ಸ್ವಲ್ಪ ಹೊತ್ತು ಸುಮ್ಮನೆ ಇದ್ರು, ಆಮೇಲೆ ಆನೆ ಗ್ರಾಹಕ ಆಗಿ ಅಂಗಡಿಗೆ ಬಂದ ಹಾಗೆ ಶುರು ಮಾಡಿದ್ರು ನೋಡಿ, ‘ಹಲಸಿನಹಣ್ಣಿನ ಸ್ಟಾಕ್ ಸರಿ ಇಲ್ಲ, ಬೇಲಿಯ ಕರೆಂಟಿಗೆ ನನ್ನನ್ನ ಕೇಳದೇ ಕನೆಕ್ಷನ್ ಕೊಟ್ಟಿದೀರಿ, ನಮ್ಮ ಅಜ್ಜಿ ಕಾಲದಿಂದ ಓಡಾಡಿದ ದಾರಿಗೆ ಗೇಟ್ ಹಾಕಿ ಹೋಮ್‌ಸ್ಟೇ ಅಂತ ಬೋರ್ಡ್ ಹಾಕಿದೀರಿ’ ಅಂತ. ಹೋಮ್‌ಸ್ಟೇ ನಡೆಸೋರು ಮೂರ್ನಾಲ್ಕು ಜನ ಅಲ್ಲೇ ಕೂತಿದ್ರು, ಅವರೂ ನಕ್ಕಿದ್ದು ಗೋಡೆ ಆಚೆ ಕೇಳಿರಬೇಕು. ಈ ಮನುಷ್ಯನಿಗೆ ಇಷ್ಟು ಬರತ್ತೆ ಅಂತ ಅವರ ಮನೆಯವರಿಗೂ ಗೊತ್ತಿರ್ಲಿಲ್ಲ ಅನ್ಸತ್ತೆ.

ಆ-ಕೌಂಟರ್ ಅಂತ ಇನ್ನೊಂದು ಕೆಲಸ, ಮಾತಿನ ಮಧ್ಯ ಸುಮ್ಮಸುಮ್ನೆ ಬರೋ ಆ, ಊಂ ಗಳನ್ನ ಎಣಿಸೋದು. ಇಂಗ್ಲಿಷಿಗೆ ಅಂತ ಮಾಡಿದ್ದು ಇದು, ನಮ್ಮವರು ಕನ್ನಡಕ್ಕೆ ತಕ್ಕ ಹಾಗೆ ಬೇರೆ ಲಿಸ್ಟ್ ಮಾಡ್ಕೊಂಡಿದಾರೆ, ‘ಅದು ಬಂದು’, ‘ಏನಂದ್ರೆ’, ‘ಒಂಥರ’, ‘ಆಕ್ಚುಲಿ’, ಮತ್ತೆ ನಮ್ಮ ಕಡೆಯ ‘ಎಂಥ’. ‘ಎಂಥ’ ಸೇರಿಸ್ಬೇಕೋ ಬೇಡ್ವೋ ಅಂತ ಅರ್ಧ ಗಂಟೆ ಜಗಳ ಆಗಿ ಕೊನೆಗೆ ಒಂದು ಭಾಷಣಕ್ಕೆ ಮೂರು ‘ಎಂಥ’ ಮಾಫಿ ಅಂತ ತೀರ್ಮಾನ ಆಯ್ತು. ಇದರಿಂದ ಉಪಯೋಗ ಇದೆ, ಆದ್ರೆ ನನ್ನ ಅಭಿಪ್ರಾಯದಲ್ಲಿ ಕ್ಲಬ್ಬಿನೋರು ಇದಕ್ಕೆ ಜಾಸ್ತಿ ಬೆಲೆ ಕೊಡ್ತಾರೆ. ಎಣಿಸೋದು ಸುಲಭ ಅದಕ್ಕೆ. ವಿಷಯ ಟೊಳ್ಳು ಅಂತ ಹೇಳೋದಕ್ಕಿಂತ ನೀವು ಹನ್ನೆರಡು ಸಲ ‘ಏನಂದ್ರೆ’ ಅಂದ್ರಿ ಅಂತ ಹೇಳೋದಕ್ಕೆ ಧೈರ್ಯ ಬೇಕಾಗಲ್ಲ.

ಈಗ ಅಸಲು ವಿಷಯಕ್ಕೆ ಬರ್ತೀನಿ, ಆ ಕಟ್ ಆದ ಸ್ಟಾರ್ ವಿಷಯ.

ಈ ಪದ್ಧತಿಯ ಜೀವ ಇರೋದು ವಿಮರ್ಶೇಲಿ. ಪ್ರತಿ ಭಾಷಣಕ್ಕೂ ಮೊದಲೇ ಒಬ್ಬ ವಿಮರ್ಶಕರನ್ನ ನಿಗದಿ ಮಾಡಿರ್ತಾರೆ, ಭಾಷಣ ಆದ ಮೇಲೆ ಅವರು ಎದ್ದು 2ರಿಂದ 3 ನಿಮಿಷದಲ್ಲಿ ಎಲ್ಲರ ಎದುರೇ ಹೇಳ್ಬೇಕು, ಯಾವುದು ಚೆನ್ನಾಗಿತ್ತು, ಯಾವುದನ್ನ ತಿದ್ಕೋಬೇಕು, ಹೇಗೆ ತಿದ್ಕೋಬೇಕು. ಕೊನೇಲಿ ಜನರಲ್ ಇವ್ಯಾಲ್ಯುಯೇಟರ್ ಅಂತ ಒಬ್ಬರು ಆ ವಿಮರ್ಶಕರನ್ನೂ ಸೇರಿಸಿ ಇಡೀ ಮೀಟಿಂಗನ್ನೇ ವಿಮರ್ಶೆ ಮಾಡ್ತಾರೆ. ಭಾಷಣ ಮಾಡೋದನ್ನ ಕನ್ನಡಿ ಮುಂದೆ ನಿಂತೂ ಕಲಿಬಹುದು, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೂ ಕಲಿಬಹುದು, ಗಮನ ಇಟ್ಟು ಕೇಳಿ ಮರ್ಯಾದೆಯಿಂದ ತಪ್ಪು ಹೇಳೋ ಇನ್ನೊಬ್ಬ ಮನುಷ್ಯ ಬೇಕಂದ್ರೆ ಇಂಥ ಜಾಗಕ್ಕೇ ಬರ್ಬೇಕು. ನಾನು ದುಡ್ಡು ಕೊಡ್ತಿರೋದೇ ಅದಕ್ಕೆ.

ಬೆಂಗಳೂರಲ್ಲಿ ಇದು ಸುಲಭ. ಅಲ್ಲಿ ವಿಮರ್ಶೆ ಮಾಡಿದೋರು ಲಿಫ್ಟ್ ಇಳಿದು ಹೋದ್ರೆ ಮತ್ತೆ ಸಿಗೋದು ಮುಂದಿನ ಮೀಟಿಂಗಲ್ಲಿ. ಇಲ್ಲಿ ಶನಿವಾರ ಸಂಜೆ ನಿಮ್ಮ ಭಾಷಣಕ್ಕೆ ತಲೆಬುಡ ಇರ್ಲಿಲ್ಲ ಅಂದ್ರೆ ಭಾನುವಾರ ಬೆಳಿಗ್ಗೆ ಅದೇ ಮನುಷ್ಯ ಮದುವೆ ಮಂಟಪದಲ್ಲಿ ನಿಮ್ಮ ಎದುರಿನ ಎಲೆಗೆ ಕೂತಿರ್ತಾರೆ. ಅವರ ಚಿಕ್ಕಪ್ಪ ನಿಮ್ಮ ಮಗನಿಗೆ ಮೇಷ್ಟ್ರು, ಅವರ ಅತ್ತೆ ಮನೆ ತೋಟಕ್ಕೂ ನಿಮ್ಮ ತೋಟಕ್ಕೂ ಒಂದೇ ದಾರಿ. ಯಾರು ಬಾಯಿ ಬಿಡ್ತಾರೆ? ಹಾಗಾಗಿ ಶುರುವಿನಲ್ಲಿ ವಿಮರ್ಶೆ ಅಂದ್ರೆ ಬರೀ ಜೇನುತುಪ್ಪ. ‘ತುಂಬಾ ಚೆನ್ನಾಗಿ ಮಾತಾಡಿದ್ರಿ, ಧ್ವನಿ ಚೆನ್ನಾಗಿತ್ತು, ಬಟ್ಟೆ ಕೂಡ ಚೆನ್ನಾಗಿತ್ತು, ಹೀಗೇ ಮುಂದುವರಿಸಿ’. ಧ್ವನಿ ಕೊನೇ ಬೆಂಚಿಗೆ ಕೇಳಿಸಿರ್ಲಿಲ್ಲ ಅನ್ನೋದು ಕೊನೇ ಬೆಂಚಿನಲ್ಲಿದ್ದ ನಮಗೆ ಮಾತ್ರ ಗೊತ್ತು.

ಕ್ಲಬ್ಬಿನೋರಿಗೂ ಇದು ಅರ್ಥ ಆಯ್ತು, ಅದನ್ನ ಮೆಚ್ಚಬೇಕು. ಒಂದೇ ಒಕ್ಕದವರು, ಅಂದ್ರೆ ಒಂದೇ ಮನೆತನದವರು, ನೆಂಟರು, ಒಬ್ಬರನ್ನೊಬ್ಬರು ವಿಮರ್ಶೆ ಮಾಡೋ ಹಾಗಿಲ್ಲ ಅಂತ ರೂಲ್ ಮಾಡಿದ್ರು. ಕೊಡಗಿನಲ್ಲಿ ನೆಂಟರಲ್ಲದವರನ್ನ ಹುಡುಕೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು, ಆ ವಿಷಯ ಬಿಡಿ. ಎರಡನೇ ರೂಲು, ವಿಮರ್ಶಕರು ತಿದ್ಕೋಬೇಕಾದ ಒಂದು ಅಂಶ ಆದ್ರೂ ಹೇಳದೇ ಕೂರೋ ಹಾಗಿಲ್ಲ. ಮೂರನೇದು ಚೀಟಿ, ಕೇಳ್ತಿರೋ ಎಲ್ಲರೂ ಒಂದು ಸಣ್ಣ ಚೀಟೀಲಿ ತಮ್ಮ ಅನಿಸಿಕೆ ಬರ್ದು ಮಾತಾಡಿದೋರಿಗೆ ಕೊಡೋದು, ಹೆಸರು ಹಾಕ್ಬೇಕಿಲ್ಲ. ನನಗೆ ಬಂದ ಬೆಸ್ಟ್ ಸಲಹೆಗಳೆಲ್ಲ ಚೀಟೀಲೇ ಬಂದಿದ್ದು. ‘ಅಂಕಿ ಹೇಳುವಾಗ ಓಡುತ್ತೀರಿ, ನಿಲ್ಲಿ’ ಅಂತ ಒಂದು. ‘ಚಪ್ಪಲಿ ನೆಲಕ್ಕೆ ಉಜ್ಜುತ್ತೀರಿ, ನಮಗೆ ಅದೇ ಕೇಳುತ್ತದೆ’ ಅಂತ ಇನ್ನೊಂದು. ಅಕ್ಷರ ನೋಡಿ ಯಾರು ಬರ್ದಿದ್ದು ಅಂತ ಪತ್ತೆ ಹಚ್ಚೋರೂ ಇದಾರೆ, ಅದಕ್ಕೇ ಈಗ ಕೆಲವರು ಎಡಗೈಲಿ ಬರೀತಾರೆ.

ವಿಮರ್ಶೆ ಹೇಗಿರ್ಬೇಕು ಅನ್ನೋದಕ್ಕೆ ಒಂದು ಒಳ್ಳೇ ಉದಾಹರಣೆ ಹೇಳ್ತೀನಿ. ನಮ್ಮಲ್ಲಿ ಒಬ್ಬ ಹುಡುಗ ಇದಾನೆ, ಊರಿನ ಹಾಕಿ ಮ್ಯಾಚುಗಳಿಗೆಲ್ಲ ಕಾಮೆಂಟರಿ ಹೇಳ್ತಾನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲೆ ಜಿಲ್ಲೇಲಿ ಹಾಕಿ ಆಡೋರ ಜೊತೆ ಮೈಕ್ ಹಿಡಿಯೋರದ್ದೂ ಒಂದು ತಲೆಮಾರೇ ಬೆಳೆದಿದೆ ಅಂತ ನಾನು ಯಾವಾಗ್ಲೂ ಹೇಳ್ತಿರ್ತೀನಿ. ಇವನು ಭಾಷಣ ಮಾಡಿದ್ರೂ ಪೆನಾಲ್ಟಿ ಕಾರ್ನರ್ ಥರಾನೇ, ಉಸಿರು ತಗೊಳ್ಳಲ್ಲ. ವಿಷಯ ಇದ್ದಿದ್ದು ಅವರಜ್ಜಿ ತೀರಿಕೊಂಡ ದಿನದ್ದು. ವಿಮರ್ಶೆಗೆ ನಿಂತೋರು ರಿಟೈರ್ಡ್ ಸುಬೇದಾರ್ ಮಾವ. ಅವರು ವೇಗ ಜಾಸ್ತಿ ಆಯ್ತು ಅಂತ ಹೇಳ್ಲಿಲ್ಲ, ‘ಮಗಾ, ಅಜ್ಜಿ ಕೈ ತಣ್ಣಗಿತ್ತು ಅಂತ ಹೇಳಿದೆಯಲ್ಲ, ಆ ಮಾತನ್ನ ಈಗ ಒಂದ್ಸಲ ಹೇಳು, ಹೇಳಿ ಬಾಯಿ ಮುಚ್ಚಿ ನಾಲ್ಕು ಎಣಿಸು’ ಅಂದ್ರು. ಅವನು ಹೇಳಿದ, ಎಣಿಸಿದ. ರೂಮಲ್ಲಿ ಒಬ್ಬರೂ ಮಿಸುಕಲಿಲ್ಲ. ಮುಂದಿನ ಮೀಟಿಂಗಿಂದ ಅವನ ಮಾತೇ ಬೇರೆ ಆಯ್ತು, ಮ್ಯಾಚ್ ಕಾಮೆಂಟರೀಲೂ ಗೋಲಿಗೆ ಮುಂಚೆ ಒಂದು ಸಣ್ಣ ಗ್ಯಾಪ್ ಕೊಡ್ತಾನೆ ಅಂತ ಕೇಳಿದೆ.

ಇಂಥದ್ದು ನಡೆಯೋ ಜಾಗದಲ್ಲೇ ಇನ್ನೊಂದೂ ನಡೀತು. ಜಿಲ್ಲೇಲಿ ಹೆಸರಿರೋ ದೊಡ್ಡ ಮನುಷ್ಯರೊಬ್ಬರು ಮೆಂಬರ್ ಆದ್ರು. ತಪ್ಪಿಲ್ಲ, ಬರ್ಲಿ. ಅವರು ಮಾತಾಡೋಕೆ ನಿಂತ್ರು, ಟೈಮರ್ ಆಗಿದ್ದು ಪಿಯುಸಿ ಓದೋ ಹುಡುಗಿ, ಹಸಿರು ಎತ್ತಿದ್ಲು ಹಳದಿ ಎತ್ತಿದ್ಲು ಕೆಂಪು ಎತ್ತಿದ್ಲು, ಎತ್ತಿ ಎತ್ತಿ ಕೈ ನೋವು ಬಂದಿರಬೇಕು, ಅವರು ಹತ್ತು ನಿಮಿಷ ದಾಟಿಸಿದ್ರು, ಹುಡುಗಿ ಮೆಲ್ಲಗೆ ಕಾರ್ಡು ಕೆಳಗಿಟ್ಲು. ವಿಮರ್ಶಕರು ಎದ್ದು, ಏನು ಹೇಳಿದ್ರು ಅಂತೀರಿ, ‘ಸಮಯ ಸಾಲದೇ ಹೋಯ್ತು, ಸಾರ್ ಮಾತು ಇನ್ನೂ ಕೇಳ್ಬೇಕು ಅನ್ನಿಸ್ತು’ ಅಂತ. ಜನರಲ್ ಇವ್ಯಾಲ್ಯುಯೇಟರ್ ಕೂಡ ಅದನ್ನ ಎತ್ತಲಿಲ್ಲ. ಹೋಗ್ಲಿ, ಆ-ಕೌಂಟರ್ ಆದ್ರೂ ಎಣಿಸಿದ್ರಾ ಅಂದ್ರೆ ಅವತ್ತು ಪೆನ್ನು ಕೈಕೊಡ್ತು ಅಂದ್ರು. ಅದೇ ದಿನ ಕಾಲೇಜು ಹುಡುಗನೊಬ್ಬ ಏಳು ನಿಮಿಷದ ಮೇಲೆ ಸ್ವಲ್ಪ ಎಳೆದಿದ್ದಕ್ಕೆ ಮೂರು ಜನ ಬುದ್ಧಿ ಹೇಳಿದ್ರು.

ಆ ಹುಡುಗಿ ಮುಂದಿನ ಎರಡು ಮೀಟಿಂಗಿಗೆ ಬರ್ಲಿಲ್ಲ. ಇದಕ್ಕೆ ಸ್ಟಾರ್ ಕಟ್ ಮಾಡಿದೀನಿ. ಅಧಿಕೃತ ಸ್ಪರ್ಧೆಗಳಲ್ಲಿ 5ರಿಂದ 7 ನಿಮಿಷದ ಭಾಷಣಕ್ಕೆ ಏಳೂವರೆ ದಾಟಿದ್ರೆ ಯಾರಾಗಿದ್ರೂ ಔಟ್, ಅಷ್ಟೇ. ನಮ್ಮ ಕ್ಲಬ್ಬಿಗೆ ಆ ಬಿಗಿ ಬರೋ ತನಕ ದೊಡ್ಡೋರು ಇಲ್ಲಿ ಏನೂ ಕಲಿಯಲ್ಲ, ಸಣ್ಣೋರು ತಪ್ಪು ಪಾಠ ಕಲೀತಾರೆ. ಇದನ್ನ ಮೀಟಿಂಗಲ್ಲೂ ಹೇಳಿದೀನಿ, ಚೀಟೀಲೂ ಬರ್ದಿದೀನಿ, ಬಲಗೈಲೇ.

ನಾಯಕತ್ವ ಅಂತ ಬೋರ್ಡಲ್ಲಿ ಬರ್ದಿರ್ತಾರಲ್ಲ, ಅದೆಂಥ ಕಲಿಸ್ತಾರೆ ಅಂತ ನನಗೂ ಅನುಮಾನ ಇತ್ತು. ಪಾಠ ಗೀಠ ಏನಿಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಹೊಸ ಮೆಂಬರ್ ನೋಡ್ಕೊಳ್ಳೋರು, ಪ್ರಚಾರ ನೋಡ್ಕೊಳ್ಳೋರು, ರೂಮು ಕುರ್ಚಿ ಸಜ್ಜು ಮಾಡೋರು, ಇವರೆಲ್ಲ ಇರ್ತಾರೆ, ವರ್ಷಕ್ಕೊಮ್ಮೆ ಬದಲಾಗ್ತಾರೆ. ಇವರಲ್ಲಿ ಅತೀ ಕಷ್ಟದ ಕೆಲಸ ಎಜುಕೇಷನ್ ಉಪಾಧ್ಯಕ್ಷರದ್ದು, ಅಂದ್ರೆ ಮುಂದಿನ ಮೀಟಿಂಗಲ್ಲಿ ಯಾರು ಭಾಷಣ, ಯಾರು ವಿಮರ್ಶೆ, ಯಾರು ಟೈಮರ್ ಅಂತ ಪಟ್ಟಿ ತುಂಬಿಸೋರು. ಸಂಬಳ ಇಲ್ಲ, ಅಧಿಕಾರ ಇಲ್ಲ, ಬರಲ್ಲ ಅಂದೋರನ್ನ ಬೈಯೋ ಹಾಗೂ ಇಲ್ಲ, ಆದ್ರೂ ಪಟ್ಟಿ ತುಂಬ್ಬೇಕು. ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಕುಯ್ಲು, ಅರ್ಧ ಜನ ಕಣದಲ್ಲಿ. ಪುತ್ತರಿ, ಅಂದ್ರೆ ಭತ್ತದ ಸುಗ್ಗಿ ಹಬ್ಬದ ವಾರ ಕೊಡವರು ಯಾರೂ ಸಿಗಲ್ಲ. ಜುಲೈಯಲ್ಲಿ ಭಾಗಮಂಡಲ ಕಡೆ ನೀರು ಬಂದ್ರೆ ನಮ್ಮ ಕಡೆಯವರು ಮನೆ ಬಿಟ್ಟು ಬರಲ್ಲ, ಬಂದ್ರೂ ದಾರೀಲಿ ಮರ ಬಿದ್ದಿರತ್ತೆ.

ಹೋದ ವರ್ಷ ಈ ಕೆಲಸ ವಹಿಸ್ಕೊಂಡಿದ್ದು ಬ್ಯಾಂಕಲ್ಲಿ ಕ್ಲರ್ಕ್ ಆಗಿರೋ ಒಬ್ಬಳು ಹುಡುಗಿ, ಕುಶಾಲನಗರದಿಂದ ಬರ್ತಾಳೆ. ಮೊದಮೊದಲು ಎಲ್ಲರಿಗೂ ಮೆಸೇಜ್ ಹಾಕಿ ಕಾಯ್ತಿದ್ಲು, ಉತ್ತರದ ಬದಲು ಗುಡ್ ಮಾರ್ನಿಂಗ್ ಹೂವು ಬರ್ತಿತ್ತು. ಆಮೇಲೆ ಫೋನ್ ಮಾಡೋಕೆ ಶುರು ಮಾಡಿದ್ಲು, ‘ಅಂಕಲ್, ಬರ್ತೀರಾ?’ ಅಂತ ಕೇಳೋದು ಬಿಟ್ಟು ‘ಅಂಕಲ್, ಭಾಷಣ ಮಾಡ್ತೀರಾ, ವಿಮರ್ಶೆ ಮಾಡ್ತೀರಾ?’ ಅಂತ. ಇಲ್ಲ ಅನ್ನೋಕೆ ಜಾಗವೇ ಇಲ್ಲ. ಬೇಲಿ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ಹಿರಿಯರು ಕ್ಲಬ್ಬಲ್ಲಿದಾರೆ, ಒಬ್ಬರು ಬರ್ತೀನಿ ಅಂದ ದಿನ ಇನ್ನೊಬ್ಬರು ಬರ್ತಿರ್ಲಿಲ್ಲ. ಇವಳು ಒಬ್ಬರ ಭಾಷಣಕ್ಕೆ ಇನ್ನೊಬ್ಬರನ್ನೇ ವಿಮರ್ಶಕರಾಗಿ ಹಾಕಿದ್ಲು, ಇಬ್ಬರಿಗೂ ಹಿಂದಿನ ದಿನ ಹೇಳಿದ್ಲು, ತಪ್ಪಿಸ್ಕೊಳ್ಳೋಕೆ ಟೈಮ್ ಇರ್ಬಾರ್ದು ಅಂತ. ನಾವೆಲ್ಲ ಗಲಾಟೆ ಆಗತ್ತೆ ಅಂತ ಕಾಯ್ತಾ ಕೂತಿದ್ವಿ, ಎಂಥದೂ ಆಗ್ಲಿಲ್ಲ, ಜಿಲ್ಲೇಲಿ ಅಂಥ ನ್ಯಾಯವಾದ ವಿಮರ್ಶೆ ಇನ್ನೊಂದು ಕೇಳಿಲ್ಲ. ದಾಕ್ಷಿಣ್ಯ ಇರ್ಲಿಲ್ವಲ್ಲ! ಬೇಲಿ ಇನ್ನೂ ಅಲ್ಲೇ ಇದೆ, ಆದ್ರೆ ಈಗ ಒಂದೇ ಜೀಪಲ್ಲಿ ಬರ್ತಾರೆ. ಆ ಹುಡುಗಿ ಒಂದು ವರ್ಷದಲ್ಲಿ ಕಲಿತಿದ್ದನ್ನ ಯಾವ ಟ್ರೈನಿಂಗೂ ಕೊಡಲ್ಲ.

ಭಾಷೆ ವಿಷಯ. ಕನ್ನಡ, ಇಂಗ್ಲಿಷ್ ಎರಡೂ ನಡೆಯತ್ತೆ, ಯಾವ ಭಾಷಣ ಯಾವುದ್ರಲ್ಲಿ ಅಂತ ಮೊದಲೇ ಹೇಳಿದ್ರೆ ಸಾಕು. ಇಂಗ್ಲಿಷ್ ಕಲಿಬೇಕು ಅಂತಲೇ ಬರೋರು ಜಾಸ್ತಿ ಆಗಿದಾರೆ, ಅವರ ಭಾಷಣ ಒಂದು ಥರ ಬಾಯಿಪಾಠ ಒಪ್ಪಿಸಿದ ಹಾಗೆ ಇರತ್ತೆ, ಅದೇ ಜನ ಟೇಬಲ್ ಟಾಪಿಕ್ಸಲ್ಲಿ ಕನ್ನಡಕ್ಕೆ ಬಂದ್ರೆ ಮುಖವೇ ಬೆಳಗತ್ತೆ. ತೊದಲಿಗೆ ಹೆದರೋರಿಗೆ ಒಂದು ಮಾತು, 2015ರಲ್ಲಿ ಟೋಸ್ಟ್‌ಮಾಸ್ಟರ್ಸ್‌ನ ವಿಶ್ವ ಭಾಷಣ ಸ್ಪರ್ಧೆ ಗೆದ್ದ ಸೌದಿ ಅರೇಬಿಯಾದ ಮೊಹಮ್ಮದ್ ಖಹ್ತಾನಿಗೆ ಚಿಕ್ಕಂದಿನಿಂದ ತೊದಲು, ಅದರ ಹಿಂದಿನ ವರ್ಷ ಗೆದ್ದಿದ್ದು ಪಕ್ಕದ ಶ್ರೀಲಂಕಾದ ಧನಂಜಯ ಹೆಟ್ಟಿಆರಚ್ಚಿ. ಇಬ್ಬರಿಗೂ ಇಂಗ್ಲಿಷ್ ಅಮ್ಮನ ಮಡಿಲಲ್ಲಿ ಕಲಿತ ಭಾಷೆ ಅಲ್ಲ. ಆದ್ರೆ ನಮ್ಮ ಗ್ರಾಮಸಭೇಲಿ ಇಂಗ್ಲಿಷ್ ಭಾಷಣಕ್ಕೆ ಏನು ಕೆಲಸ, ಕನ್ನಡದಲ್ಲಿ ಮೊದಲು ನಿಲ್ಲೋದು ಕಲಿಯಿರಿ ಅಂತ ನಾನು ಹೊಸಬರಿಗೆ ಹೇಳ್ತೀನಿ. ಕೊಡವ ತಕ್ಕ್, ಅರೆಭಾಷೇಲೂ ವರ್ಷಕ್ಕೊಂದು ಮೀಟಿಂಗ್ ಇಟ್ರೆ ಚೆನ್ನ, ಇನ್ನೂ ಇಟ್ಟಿಲ್ಲ.

ಬೇರೆ ದಾರಿಗಳನ್ನೂ ನೋಡಿದೀನಿ. ಹತ್ತು ದಿನದಲ್ಲಿ ನಾಯಕರಾಗಿ ಅಂತ ಹೋಟೆಲ್ ಹಾಲಲ್ಲಿ ನಡೆಯೋ ಕೋರ್ಸ್ ಒಂದಕ್ಕೆ ತಮ್ಮ ಹೋಗಿದ್ದ, ದುಡ್ಡು ಜೋರು, ಐವತ್ತು ಜನರಲ್ಲಿ ಅವನಿಗೆ ಮೈಕ್ ಸಿಕ್ಕಿದ್ದು ಒಂದೇ ಸಲ, ಬಾಕಿ ಟೈಮಲ್ಲಿ ಟ್ರೈನರ್ ಮಾತಾಡಿದ್ದೇ. ಭಾಷಣ ಕಲಿಯೋಕೆ ಬೇಕಾಗಿರೋದು ಮೇಲಿಂದ ಮೇಲೆ ನಿಲ್ಲೋದು, ಕೂತು ಕೇಳೋದಲ್ಲ. ಜೇಸಿ ಅನ್ನೋ ಯುವಜನರ ಸಂಸ್ಥೆಯ ತರಬೇತಿಗಳು ಚೆನ್ನಾಗಿರ್ತವೆ, ನಮ್ಮ ಜಿಲ್ಲೇಲಿ ಜೇಸಿಯಿಂದ ಮಾತು ಕಲಿತು ಮೇಲೆ ಬಂದೋರು ಸುಮಾರು ಜನ ಇದಾರೆ, ಆದ್ರೆ ಅಲ್ಲಿ 18ರಿಂದ 40 ವರ್ಷದೊಳಗೆ ಅನ್ನೋ ಲೆಕ್ಕ, ನನ್ನಂಥೋರಿಗೆ ಬಾಗಿಲು ಮುಚ್ಚಿ ಕಾಲ ಆಯ್ತು. ಅಧಿಕೃತ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಆನ್‌ಲೈನಲ್ಲಿ ನಡೆಯೋವೂ ಇವೆ, ಐದು ಹಂತದ ಕೋರ್ಸು, ಸ್ಪರ್ಧೆ, ಎಲ್ಲಾ ವ್ಯವಸ್ಥಿತ. ದುಡ್ಡು ಹಾಕಬಲ್ಲೋರಿಗೆ, ನೆಟ್‌ವರ್ಕ್ ಇರೋರಿಗೆ ಅದು ಒಳ್ಳೇದು. ನಮ್ಮ ಮನೇಲಿ ನೆಟ್‌ವರ್ಕ್ ಸಿಗೋದು ದನದ ಕೊಟ್ಟಿಗೆ ಹತ್ರ ನಿಂತ್ರೆ, ಕೊಟ್ಟಿಗೆ ಹತ್ರ ನಿಂತು ನಾಯಕತ್ವದ ಬಗ್ಗೆ ಮಾತಾಡೋಕೆ ದನಗಳಿಗೂ ನಾಚಿಕೆ.

ಸಣ್ಣಪುಟ್ಟ ದೂರುಗಳು ಬೇಗ ಹೇಳಿ ಮುಗಿಸ್ತೀನಿ. ಕಾಫಿ ಊರಲ್ಲಿ ಇಂಥ ಕಾಫಿ ಕೊಡೋಕೆ ಧೈರ್ಯ ಬೇಕು, ಚಿಕೋರಿ ನೀರು, ಎಷ್ಟು ಹೇಳಿದ್ರೂ ಬದಲಾಗಿಲ್ಲ. ರೂಮು ಎರಡನೇ ಮಹಡೀಲಿ, ಲಿಫ್ಟ್ ಇಲ್ಲ, ಮಂಡಿ ನೋವಿರೋ ಹಿರಿಯರಿಗೆ ಕಷ್ಟ. ಮೈಕ್ ಇಲ್ಲ, ಸಣ್ಣ ರೂಮಿಗೆ ಬೇಕಾಗಲ್ಲ ಅಂತಾರೆ, ಆದ್ರೆ ಹೊರಗಡೆ ಹೋದ್ರೆ ಎಲ್ಲಾ ಕಡೆ ಮೈಕೇ ಇರೋದು, ಅದನ್ನ ಎಷ್ಟು ದೂರ ಹಿಡೀಬೇಕು ಅಂತ ಅಭ್ಯಾಸ ಮಾಡೋಕಾದ್ರೂ ಒಂದು ಬೇಕು. ಹೆಂಗಸರು ಕಡಿಮೆ, ಅದಕ್ಕೆ ಕಾರಣ ಟೈಮಿಂಗು. ಆರು ಗಂಟೆಗೆ ಶುರುವಾಗಿ ಏಳೂವರೆ ದಾಟತ್ತೆ, ಆ ಹೊತ್ತಿಗೆ ನಾಪೋಕ್ಲು ಕಡೆಗೋ ಸೋಮವಾರಪೇಟೆ ಕಡೆಗೋ ಬಸ್ಸಿಗೆ ಓಡ್ಬೇಕು, ಸ್ವಂತ ಗಾಡಿ ಇಲ್ದೋರಿಗೆ ಕ್ಲಬ್ಬೇ ಇಲ್ಲ ಅನ್ನೋ ಹಾಗೆ. ನಾಲ್ಕು ಗಂಟೆಗೆ ಮಾಡಿ ಅಂತ ಸ್ವಸಹಾಯ ಸಂಘದ ಅಕ್ಕಂದಿರು ಇಬ್ಬರು ಕೇಳ್ಕೊಂಡಿದಾರೆ, ಇನ್ನೂ ‘ಪರಿಶೀಲನೇಲಿದೆ’. ಸರ್ಕಾರಿ ಆಫೀಸ್ ಥರ ಮಾತಾಡೋಕೆ ಮಾತ್ರ ಬೇಗ ಕಲ್ತಿದಾರೆ.

ಯಾರು ಸೇರ್ಬಾರ್ದು ಅಂದ್ರೆ, ಬರೀ ಪದಾಧಿಕಾರಿ ಅಂತ ಲೆಟರ್‌ಹೆಡ್ಡಲ್ಲಿ ಹೆಸರು ಬೇಕಾದೋರು, ಒಂದು ತಿಂಗಳಲ್ಲಿ ರಿಸಲ್ಟ್ ಬೇಕಾದೋರು, ಮಗನ್ನ ಬಿಟ್ಟು ಹೋಗಿ ಎರಡು ಗಂಟೆ ಬಿಟ್ಟು ವಾಪಸ್ ಕರ್ಕೊಂಡು ಹೋಗೋಕೆ ಟ್ಯೂಷನ್ ಹುಡುಕ್ತಿರೋರು. ಯಾರಿಗೆ ಹೇಳಿ ಮಾಡಿಸಿದ್ದು ಅಂದ್ರೆ, ಪಂಚಾಯ್ತಿ ಮೆಂಬರ್‌ಗಳು, ಸಂಘದ ಡೈರೆಕ್ಟರ್‌ಗಳು, ಹೊಸ ಮೇಷ್ಟ್ರು, ಗೆಸ್ಟ್ ಮುಂದೆ ಕಾಫಿ ತೋಟ ತೋರ್ಸಿ ಎರಡು ಮಾತು ಹೇಳೋಕೆ ತಡವರಿಸೋ ಹೋಮ್‌ಸ್ಟೇಯೋರು. ಮಾರ್ಚಲ್ಲಿ ಸೇರಿ, ಕುಯ್ಲು ಮುಗಿದಿರತ್ತೆ, ಮಳೆ ಶುರುವಾಗಿರಲ್ಲ, ಜನ ತುಂಬಿರ್ತಾರೆ. ಮೊದಲ ದಿನವೇ ಟೈಮರ್ ಕೆಲಸ ಕೇಳಿ ಇಸ್ಕೊಳ್ಳಿ, ಮಾತಾಡೋದು ಕಡಿಮೆ, ಎಲ್ಲರ ಮಾತೂ ಕೊನೇ ತನಕ ಕೇಳ್ಬೇಕಾಗತ್ತೆ. ದೊಡ್ಡೋರು ನಿಂತಾಗ ಕೆಂಪು ಕಾರ್ಡ್ ಕೆಳಗಿಡ್ಬೇಡಿ.

ಅಂದಹಾಗೆ ಆ ಪಿಯುಸಿ ಹುಡುಗಿ ಈಗ ವಾಪಸ್ ಬರ್ತಿದಾಳೆ. ಹೊಸ ಕಾರ್ಡು ಮಾಡ್ಕೊಂಡು ಬಂದಿದಾಳೆ, ಮೊದಲಿನದ್ದರ ಡಬಲ್ ಸೈಜು.